ಬೈಕ್ ಹಿಂದೆ ಟ್ರೇಲರ್ ಕಟ್ಟಿ ನಾಯೀನ ಕರ್ಕೊಂಡು ಬ್ಲೂ ರಿಡ್ಜ್ ಸುತ್ತೋದು, ಯಾರಾದ್ರೂ ಮಾಡಿದೀರಾ?

ಕ್ಯಾರಿ_ಬೈಕರ್

ನಮಸ್ಕಾರ ಎಲ್ರಿಗೂ. ನಾನಿರೋದು ನಾರ್ತ್ ಕ್ಯಾರೊಲೈನಾದ ಕ್ಯಾರಿ, ಊರು ಮೈಸೂರು. ನನ್ ಹತ್ರ ಹೋಂಡಾ ಗೋಲ್ಡ್ ವಿಂಗ್ ಟೂರ್ ಬೈಕ್ ಇದೆ, ಡಿಸಿಟಿದು ಅಂದ್ರೆ ಆಟೋಮ್ಯಾಟಿಕ್ ಗೇರಿಂದು, ಮತ್ತೆ ಬೋಂಡ ಅಂತ ಒಂದು ನಾಯಿ ಇದೆ, ಲ್ಯಾಬ್ ಮಿಕ್ಸು, 62 ಪೌಂಡು, ಐದು ವರ್ಷ. ಅಕ್ಟೋಬರಲ್ಲಿ ಎಲೆ ಬಣ್ಣ ತಿರುಗೋ ಹೊತ್ತಿಗೆ ಬ್ಲೂ ರಿಡ್ಜ್ ಪಾರ್ಕ್‌ವೇ ಅನ್ನೋ ಬೆಟ್ಟದ ರಸ್ತೆ ಮೇಲೆ ನಾಲ್ಕೈದು ದಿನ ಸುತ್ತಾಡ್ಬೇಕು ಅಂತ ಪ್ಲಾನು. ಇವನನ್ನ ಬೋರ್ಡಿಂಗಲ್ಲಿ ಬಿಟ್ರೆ ಊಟಾನೇ ಬಿಡ್ತಾನೆ, ಅದಕ್ಕೆ ಬೈಕ್ ಹಿಂದೆ ಟ್ರೇಲರ್ ಕಟ್ಟಿ ಕರ್ಕೊಂಡ್ ಹೋಗ್ಬಿಡೋಣ ಅಂತ ತಲೆಗೆ ಹುಳ ಬಿಟ್ಕೊಂಡಿದೀನಿ.

ಇಲ್ಲೊಬ್ರು ಸೆಕೆಂಡ್ ಹ್ಯಾಂಡ್ ಪೆಟ್ ಟ್ರೇಲರ್ ಮಾರ್ತಿದಾರೆ, ಬೈಕಿಗೇ ಅಂತ ಮಾಡಿರೋದು, ಫೈಬರ್ ಬಾಡಿ, ಮುಂದೆ ಮತ್ತೆ ಎರಡು ಪಕ್ಕ ಮೆಶ್ ಕಿಟಕಿ, ಹಿಂದೆ ಬಾಗ್ಲು, 8 ಇಂಚಿನ ಚಕ್ರ, ಖಾಲಿ ತೂಕ 150 ಪೌಂಡ್ ಅಂತೆ. ಒಳಗೆ ಉದ್ದ ನಾಲ್ಕಡಿಗಿಂತ ಜಾಸ್ತಿ ಇದೆ, ಬೋಂಡ ಆರಾಮಾಗಿ ಓಡಾಡ್ಕೊಂಡು ಇರ್ಬೋದು. ನೋಡೋಕಂತೂ ಸಖತ್ತಾಗಿದೆ. ಬೈಕು ಓಡ್ಸಿ ವರ್ಷಗಟ್ಲೆ ಅಭ್ಯಾಸ ಇದೆ ಆದ್ರೆ ಟ್ರೇಲರ್ ಯಾವತ್ತೂ ಎಳೆದಿಲ್ಲ.

ಕೇಳ್ಬೇಕಾಗಿರೋದು ಏನಂದ್ರೆ, ಇದು ಸೇಫಾ? ತಗೊಳೋ ಮುಂಚೆ ಏನ್ ನೋಡ್ಬೇಕು? ನಾಯಿಗೆ ಹಿಂಸೆ ಆಗತ್ತಾ? ಮನೇಲಿ ಹೆಂಡ್ತಿ ಹೇಳೋದು ‘ನಾನು ಅವನನ್ನ ಕಾರಲ್ಲಿ ಕರ್ಕೊಂಡ್ ಬರ್ತೀನಿ, ನೀನು ಬೈಕಲ್ಲಿ ಬಾ, ಮುಗೀತು’ ಅಂತ. ಅದೂ ಸರೀನೇ ಅನ್ಕೊಳಿ, ಆದ್ರೂ ಒಂದ್ಸಲ ಕೇಳ್ಬಿಡೋಣ ಅಂತ.

ಟ್ರೇಲರ್_ತಾತ

ಟೆಕ್ಸಾಸಿಂದ, ಮೂಲ ದಾವಣಗೆರೆ. ರಿಟೈರ್ ಆದ್ಮೇಲೆ ನಾನೂ ನಮ್ಮನೆಯವ್ಳೂ ಬೈಕ್ ಹಿಂದೆ ಕ್ಯಾಂಪಿಂಗ್ ಟ್ರೇಲರ್ ಎಳ್ಕೊಂಡು ಬೇಕಾದಷ್ಟು ಸುತ್ತಿದೀವಿ, ನಾಯಿ ಟ್ರೇಲರ್ ಎಳೆಯೋ ಗೆಳೆಯರೂ ಇದಾರೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಪ್ಪ.

ಮೊದಲು ಒಂದು ವಿಷಯ ಗೊತ್ತಿರ್ಲಿ, ಗೋಲ್ಡ್ ವಿಂಗ್ ಓನರ್ಸ್ ಮ್ಯಾನ್ಯುಯಲ್ಲಲ್ಲೇ ಈ ಗಾಡಿಗೆ ಟ್ರೇಲರ್ ಕಟ್ಬೇಡಿ ಸೈಡ್‌ಕಾರ್ ಹಾಕ್ಬೇಡಿ ಅಂತ ಇದೆ. ಆದ್ರೂ ಈ ದೇಶದಲ್ಲಿ ಟ್ರೇಲರ್ ಎಳೆಯೋ ಬೈಕ್ ಅಂದ್ರೆ ಜನ ಮೊದಲು ಹೇಳೋದು ಗೋಲ್ಡ್ ವಿಂಗೇ. ಎಳೆಯೋ ಶಕ್ತಿ ಇದೆ, 1833 ಸಿಸಿ ಆರು ಸಿಲಿಂಡರು, ಆದ್ರೆ ಕಂಪನಿ ಒಪ್ಪಿಲ್ಲ ಅನ್ನೋದು ಇನ್ಶೂರೆನ್ಸ್, ವಾರಂಟಿ ವಿಷಯಕ್ಕೆ ಬಂದಾಗ ನಿನ್ ತಲೆ ಮೇಲೆ ಬರತ್ತೆ. ಇನ್ಶೂರೆನ್ಸ್‌ನವ್ರಿಗೆ ಫೋನ್ ಮಾಡಿ ಟ್ರೇಲರ್ ಎಳೀತೀನಿ ಅಂತ ಹೇಳಿ ಬರವಣಿಗೇಲಿ ತಗೋ. ಕಂಪನಿನೇ ಟೋಯಿಂಗ್ ಲೆಕ್ಕ ಕೊಡೋ ಗಾಡಿ ಬೇಕಂದ್ರೆ ಕ್ಯಾನ್-ಆಮ್ ಸ್ಪೈಡರ್ ಆರ್‌ಟಿ ತರದ ಮೂರು ಚಕ್ರದ್ದು ಇದೆ, ಅದಕ್ಕೆ 400 ಪೌಂಡ್ ತನಕ ಎಳೀಬೋದು ಅಂತ ಅವ್ರೇ ಹೇಳ್ತಾರೆ.

ಈಗ ಮುಖ್ಯ ವಿಷಯ. ನೀನು ‘ಆರಾಮಾಗಿ ಓಡಾಡ್ಕೊಂಡು ಇರ್ಬೋದು’ ಅಂದ್ಯಲ್ಲ, ನನಗೆ ಭಯ ಆಗಿದ್ದು ಅಲ್ಲೇ. ಟಂಗ್ ವೇಯ್ಟ್ ಅಂತ ಒಂದಿದೆ, ಟ್ರೇಲರ್ ಮೂತಿ ಹಿಚ್ ಬಾಲ್ ಮೇಲೆ, ಅಂದ್ರೆ ಬೈಕ್ ಹಿಂದೆ ಟ್ರೇಲರ್ ಸಿಕ್ಕಿಸೋ ಗುಂಡಿನ ಮೇಲೆ, ಕೂರೋ ಭಾರ. ಅದು ಟ್ರೇಲರಿನ ಒಟ್ಟು ತೂಕದ ಶೇ. 10ಕ್ಕೆ ಕಮ್ಮಿ ಇರ್ಬಾರ್ದು, ಶೇ. 15 ದಾಟ್ಲೂಬಾರ್ದು. ಕಮ್ಮಿ ಆದ್ರೆ ಸ್ಪೀಡಲ್ಲಿ ಟ್ರೇಲರ್ ಎಡಕ್ಕೂ ಬಲಕ್ಕೂ ಓಲಾಡೋಕೆ ಶುರು ಮಾಡತ್ತೆ, ಜಾಸ್ತಿ ಆದ್ರೆ ಬೈಕಿನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗತ್ತೆ. ಇದೆಲ್ಲ ಸುಮ್ನೆ ಕೂತಿರೋ ಲಗೇಜಿಗೆ ಹೇಳೋ ಮಾತು. ಬೋಂಡ ಸುಮ್ನೆ ಕೂರ್ತಾನಾ?

ಲೆಕ್ಕ ಹಾಕು. ಟ್ರೇಲರ್ 150, ಬೋಂಡ 62, ಹಾಸಿಗೆ ನೀರು ಊಟ ಎಲ್ಲಾ ಸೇರಿ 30 ಅಂದ್ರೆ ಒಟ್ಟು 242 ಪೌಂಡು. ನೀನು ನೀಟಾಗಿ 26 ಪೌಂಡ್ ಟಂಗ್ ವೇಯ್ಟ್ ಇಟ್ಟೆ ಅನ್ಕೋ. ಹಿಚ್ಚಿಂದ ಆಕ್ಸಲ್‌ಗೆ ದೂರ 60 ಇಂಚು ಇದೆ ಅನ್ಕೋ. ಹಿಂದಿಂದ ಒಬ್ಬ ಟ್ರಕ್ಕಿನವ್ನು ಹಾರ್ನ್ ಹೊಡ್ದ, ಬೋಂಡ ಎದ್ದು 15 ಇಂಚು ಹಿಂದಕ್ಕೆ ಹೋಗಿ ಬಾಗ್ಲಲ್ಲಿ ಮೂತಿ ಇಟ್ಟ. 62ನ್ನ 15ರಿಂದ ಗುಣಿಸಿ 60ರಿಂದ ಭಾಗಿಸು, 15 ಪೌಂಡ್ ಚಿಲ್ಲರೆ. ಅಷ್ಟು ಭಾರ ಹಿಚ್ಚಿಂದ ಹೋಯ್ತು. 26 ಇದ್ದಿದ್ದು ಹತ್ತೂವರೆಗೆ ಬಂತು, ಒಟ್ಟು ತೂಕದ ಶೇ. 4ರ ಮೇಲೆ ಚೂರು. ಅದೂ ಯಾವಾಗ, ಪಕ್ಕದಲ್ಲಿ ಟ್ರಕ್ ಹೋಗ್ತಿರೋವಾಗ, ಅದರ ಗಾಳಿ ಹೊಡೀತಿರೋವಾಗ. ಜನ ಹಿಚ್ ಬಗ್ಗೆ, ಬ್ರೇಕ್ ಬಗ್ಗೆ ಗಂಟೆಗಟ್ಲೆ ಮಾತಾಡ್ತಾರೆ, ನಾಯಿ ಓಡಾಡೋ ಜಾಗದ ಬಗ್ಗೆ ಮಾತಾಡೋದೇ ಇಲ್ಲ.

ಅದಕ್ಕೆ ಒಳಗೆ ಅಡ್ಡ ಹಲಗೆ ಹಾಕ್ಸು. ಅವನು ನಿಲ್ಬೇಕು, ತಿರುಗ್ಬೇಕು, ಚಾಚ್ಕೊಂಡು ಮಲಗ್ಬೇಕು, ಅಷ್ಟೇ. ನಡೀಬಾರ್ದು. ಆ ಜಾಗ ಆಕ್ಸಲ್ ಮೇಲಿಂದ ಸ್ವಲ್ಪ ಮುಂದಕ್ಕೆ ಬರ್ಲಿ. ಆಗ ಅವನು ಹೆಂಗೇ ತಿರುಗಿದ್ರೂ ಭಾರ ಮೂರ್ನಾಲ್ಕು ಇಂಚಿಗಿಂತ ಜಾಸ್ತಿ ಸರಿಯಲ್ಲ, ಅಂದ್ರೆ ನಾಲ್ಕು ಪೌಂಡ್ ಆಚೀಚೆ, ಅದನ್ನ ಬೈಕು ತಡ್ಕೊಳತ್ತೆ. ನೀರಿನ ಕ್ಯಾನು ಮುಂದೆ ತಳದಲ್ಲಿ, ಹಿಂದೆ ಉಳಿದ ಜಾಗದಲ್ಲಿ ಬೆಡ್‌ಶೀಟ್ ಟವೆಲ್ ತರದ ಹಗುರ ಸಾಮಾನು. ಅಳೆಯೋದು ಸುಲಭ, ಬಾತ್‌ರೂಮಿನ ತೂಕದ ಮೆಷಿನ್ ಮೇಲೆ ಒಂದು ಮರದ ತುಂಡು ಇಟ್ಟು ಮೂತಿನ ಹಿಚ್ ಎತ್ತರಕ್ಕೇ ಸರಿಯಾಗಿ ಕೂರ್ಸು. ನಾಯೀನ ಒಳಗೆ ಬಿಟ್ಟು ಮುಂದೆ ಒಂದ್ಸಲ ಹಿಂದೆ ಒಂದ್ಸಲ ನಿಲ್ಸಿ ಎರಡೂ ನೋಡ್ಕೋ. ಖಾಲಿ ಟ್ರೇಲರ್ ತೂಗಿದ್ರೆ ಉಪಯೋಗ ಇಲ್ಲ.

8 ಇಂಚಿನ ಚಕ್ರ ನನಗೆ ಇಷ್ಟ ಇಲ್ಲ. 60 ಮೈಲಿ ಸ್ಪೀಡಲ್ಲಿ ಅದು ನಿಮಿಷಕ್ಕೆ 1250 ಸುತ್ತಿನ ಹತ್ರ ತಿರುಗತ್ತೆ, 12 ಇಂಚಿನ ರಿಮ್ ಆದ್ರೆ ಸಾವಿರದ ಒಳಗೆ. ಬೇರಿಂಗ್ ಬಿಸಿ ಆಗೋದೂ ಹಂಗೇ, ಗುಂಡಿಗೆ ಬಿದ್ದಾಗ ಒಳಗಿರೋನಿಗೆ ಏಟು ಬೀಳೋದೂ ಹಂಗೇ. ಸಣ್ಣ ಚಕ್ರದ್ದೇ ತಗೊಳೋದಾದ್ರೆ ಬೇರಿಂಗ್ ಬಿಚ್ಚಿ ಹೊಸ ಗ್ರೀಸ್ ತುಂಬಿಸು, ಟೈರ್ ಪಕ್ಕದಲ್ಲಿರೋ ತಾರೀಖು ನೋಡು, ಸೆಕೆಂಡ್ ಹ್ಯಾಂಡ್ ಟ್ರೇಲರುಗಳು ಗ್ಯಾರೇಜಲ್ಲೇ ನಿಂತು ಟೈರ್ ಒಣಗಿರತ್ತೆ. ನಿಲ್ಸಿದಾಗೆಲ್ಲ ಹಬ್ ಮುಟ್ಟಿ ನೋಡೋ ಅಭ್ಯಾಸ ಮಾಡ್ಕೋ, ಬೆಚ್ಚಗಿದ್ರೆ ಓಕೆ, ಕೈ ಇಡಕ್ಕೆ ಆಗ್ದಿದ್ರೆ ಅಲ್ಲೇ ನಿಲ್ಸು.

ಹಿಚ್ಚಲ್ಲಿ ಸ್ವಿವೆಲ್, ಅಂದ್ರೆ ತಿರುಗೋ ಕೀಲು, ಇರ್ಲೇಬೇಕು. ಬೈಕು ತಿರುವಲ್ಲಿ ವಾಲಿದಾಗ ಟ್ರೇಲರ್ ವಾಲ್ಬಾರ್ದಲ್ಲ, ಅದಕ್ಕೆ. ಇನ್ನೊಂದು ಲಾಭ ಏನಂದ್ರೆ ಪಾರ್ಕಿಂಗಲ್ಲಿ ಬೈಕು ಪಕ್ಕಕ್ಕೆ ಬಿದ್ರೂ ಟ್ರೇಲರ್ ಮಗುಚಲ್ಲ. ಸೇಫ್ಟಿ ಚೈನು ಎರಡೂ ಮೂತಿ ಕೆಳಗೆ ಕತ್ತರಿ ಆಕಾರದಲ್ಲಿ ಹಾಕು, ಬಾಲ್ ಕಳಚ್ಕೊಂಡ್ರೆ ಮೂತಿ ರಸ್ತೆಗೆ ಕುತ್ಕೊಳ್ದೆ ಚೈನ್ ಮೇಲೆ ಬೀಳತ್ತೆ.

ಡಾಕ್ಟ್ರಮ್ಮ_ಓಹಾಯೋ

ತಾತ ಹೇಳಿದ ಲೆಕ್ಕ ಓದಿ ಖುಷಿ ಆಯ್ತು. ನಾನು ಇಲ್ಲಿ ಸಣ್ಣ ಪ್ರಾಣಿಗಳ ವೆಟ್, ಬೈಕ್ ಬಗ್ಗೆ ಏನೂ ಗೊತ್ತಿಲ್ಲ, ಒಳಗಿರೋನ ಬಗ್ಗೆ ಹೇಳ್ತೀನಿ.

ಮುಂದೆ ಮೆಶ್ ಕಿಟಕಿ ಇದೆ ಅಂದ್ರಿ. ಬೈಕಿನ ಸೈಲೆನ್ಸರ್ ಎಲ್ಲಿದೆ? ಹಿಂದೆ, ಕೆಳಗೆ. ಟ್ರೇಲರಿನ ಮುಂದಿನ ಕಿಟಕಿ ಎಲ್ಲಿದೆ? ಅದರ ಎದುರಿಗೇ. ಓಡ್ತಾ ಇದ್ದಾಗ ಗಾಳಿ ಚದುರಿಸಿ ಸ್ವಲ್ಪ ಬಚಾವ್ ಆಗ್ಬೋದು, ಆದ್ರೆ ಬೈಕಿನ ಬೆನ್ನ ಹಿಂದೆ ಗಾಳಿ ಸುಳಿ ತಿರುಗತ್ತೆ, ಅದು ಹೊಗೇನ ಒಳಕ್ಕೆ ಎಳ್ಕೊಳತ್ತೆ. ಅಕ್ಟೋಬರ್ ವೀಕೆಂಡಲ್ಲಿ ಪಾರ್ಕ್‌ವೇ ಮೇಲೆ ಕಾರುಗಳು ಸಾಲುಗಟ್ಟಿ ನಿಂತಿರೋವಾಗ ಇಂಜಿನ್ ಐಡಲ್ ಬಿಟ್ಕೊಂಡು ಕೂತ್ರೆ ಅದು ಇನ್ನೂ ಕೆಟ್ಟದ್ದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ನಾಯಿ ನಿದ್ದೆ ಮಾಡ್ತಿದೆ ಅಂತ ನೀವು ಅನ್ಕೋತೀರಿ. ಮುಂದಿನ ಕಿಟಕೀನ ಗಟ್ಟಿ ಪ್ಲಾಸ್ಟಿಕ್ಕಿಂದ ಮುಚ್ಚಿ, ಹಿಂದಿನ ಟೈರ್ ಎಸೆಯೋ ಕಲ್ಲಿಂದಲೂ ಕಾಪಾಡತ್ತೆ, ಗಾಳಿ ಮೇಲಿಂದ ಮತ್ತೆ ಪಕ್ಕದಿಂದ ಬರೋ ಹಾಗೆ ಮಾಡಿ. ಒಳಗೆ ಒಂದು ಸಿಒ ಅಲಾರಂ ಇಡಿ, ಬರೀ ಕಿರುಚೋದಲ್ಲ, ಹೆಲ್ಮೆಟ್ ಒಳಗೆ ನಿಮಗೆ ಕೇಳ್ಸಲ್ಲ, ಫೋನಿಗೆ ಸಿಗ್ನಲ್ ಕೊಡೋದು. ಅದರ ಜೊತೆಗೆ ಬ್ಲೂಟೂತ್ ಥರ್ಮಾಮೀಟರು. ಒಳಗಿನ ಟೆಂಪರೇಚರ್ ಹ್ಯಾಂಡಲ್ ಮೇಲಿರೋ ಫೋನಲ್ಲಿ ಸದಾ ಕಾಣ್ತಿರ್ಬೇಕು.

ಸೆಕೆ ಬಗ್ಗೆ. ಅಕ್ಟೋಬರ್ ತಂಪು ಅಂತ ನಿಶ್ಚಿಂತೆ ಮಾಡ್ಬೇಡಿ. ಅಮೆರಿಕದ ವೆಟ್‌ಗಳ ಸಂಘ ಎವಿಎಂಎ ಕೊಡೋ ಪಟ್ಟಿ ಪ್ರಕಾರ ಹೊರಗೆ 75 ಡಿಗ್ರಿ ಫ್ಯಾರನ್‌ಹೀಟ್ ಇದ್ರೆ ನಿಂತ ಕಾರಿನ ಒಳಗೆ 10 ನಿಮಿಷಕ್ಕೆ 94, ಅರ್ಧ ಗಂಟೆಗೆ 109. ಅದು ಕಾರಿನ ಲೆಕ್ಕ, ಆದ್ರೆ ಬಿಸಿಲಲ್ಲಿ ನಿಲ್ಸಿದ ಫೈಬರ್ ಡಬ್ಬಾನ ನಾನು ಅದಕ್ಕಿಂತ ಒಳ್ಳೇದು ಅಂತ ನಂಬಲ್ಲ. ಓಡ್ತಿರೋವಾಗ ಗಾಳಿ ಆಡತ್ತೆ, ನಿಂತಾಗಲೇ ಅಪಾಯ. ಅಂದ್ರೆ ಊಟಕ್ಕೆ ನಿಲ್ಸಿದ್ರೆ ನಾಯಿ ನಿಮ್ ಜೊತೆ ಹೊರಗೆ, ಅವನನ್ನ ಬಿಡದ ಹೋಟ್ಲಲ್ಲಿ ಊಟ ಬೇಡ. ನಾಯಿಗೆ ನಮ್ ತರ ಮೈಯೆಲ್ಲ ಬೆವರಲ್ಲ, ಏದುಸಿರು ಬಿಟ್ಟೇ ತಂಪು ಮಾಡ್ಕೋಬೇಕು, ಅದಕ್ಕೆ ಓಡಾಡೋ ಗಾಳಿ ಬೇಕು. ಜೊಲ್ಲು ಗಟ್ಟಿಯಾಗಿ ಸುರೀತಿದ್ರೆ, ಒಸಡು ಕೆಂಪಗೆ ಆಗಿದ್ರೆ, ನಡೆಯೋವಾಗ ತೂರಾಡಿದ್ರೆ ಅಲ್ಲೇ ನೆರಳಲ್ಲಿ ಮೈ ಮೇಲೆ ತಣ್ಣೀರು ಸುರಿದು ಗಾಳಿ ಬೀಸಿ, ಆಮೇಲೆ ಆಸ್ಪತ್ರೆಗೆ. ಮೊದ್ಲು ತಂಪು ಮಾಡಿ, ಆಮೇಲೆ ಗಾಡಿ ಹತ್ತಿ. ಪಗ್, ಬುಲ್‌ಡಾಗ್ ತರದ ಚಪ್ಪಟೆ ಮೂತಿಯವುಗಳನ್ನಂತೂ ಈ ತರ ಟ್ರೇಲರಲ್ಲಿ ಕರ್ಕೊಂಡ್ ಹೋಗೋದು ನನ್ ಪ್ರಕಾರ ಬೇಡ್ವೇ ಬೇಡ. ನಿಮ್ದು ಲ್ಯಾಬ್ ಮಿಕ್ಸು, ಪರ್ವಾಗಿಲ್ಲ.

ನಿದ್ದೆ ಮಾತ್ರೆ ಕೊಟ್ಟು ಮಲಗ್ಸಿ ಕರ್ಕೊಂಡ್ ಹೋಗ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಮೈ ಶಾಖ ಹಿಡಿತದಲ್ಲಿಟ್ಕೊಳೋ ಶಕ್ತೀನೇ ಕಮ್ಮಿ ಆಗತ್ತೆ, ನೋಡೋಕೂ ಯಾರೂ ಪಕ್ಕದಲ್ಲಿಲ್ಲ. ವಾಂತಿ ಮಾಡೋ ನಾಯಿ ಆದ್ರೆ ಮಾರೋಪಿಟೆಂಟ್ ಅಂತ ಮಾತ್ರೆ ಇದೆ, ಅದು ಮಂಪರು ಬರ್ಸಲ್ಲ, ನಿಮ್ ವೆಟ್ ಹತ್ರ ಕೇಳಿ ತಗೊಳಿ. ರೇಬೀಸ್ ಸರ್ಟಿಫಿಕೇಟ್ ಜೊತೇಲಿರ್ಲಿ, ಮೈಕ್ರೋಚಿಪ್ಪಲ್ಲಿ ನಿಮ್ ಈಗಿನ ಫೋನ್ ನಂಬರ್ ಇದೆಯಾ ನೋಡ್ಕೊಳಿ.

ಕುಡ್ಲ_ಟು_ಪೋರ್ಟ್‌ಲ್ಯಾಂಡ್

ಎಂತ ಮಾರಾಯ್ರೆ, ಇಷ್ಟೆಲ್ಲ ಅಲಾರಂ, ಥರ್ಮಾಮೀಟರ್, ಹಲಗೆ ಎಲ್ಲ ಹಾಕಿ ಕಾಣದ ಜಾಗದಲ್ಲಿ ಅವನನ್ನು ಯಾಕೆ ಕೂರಿಸುವುದು? ಸೈಡ್‌ಕಾರ್ ತಗೊಳ್ಳಿ. ನನ್ನ ಹತ್ರ ಉರಲ್ ಅಂತ ಸೈಡ್‌ಕಾರ್ ಬೈಕ್ ಉಂಟು, ನಾಯಿ ಪಕ್ಕದಲ್ಲೇ ಕೂತಿರ್ತದೆ, ಮುಖ ಕಾಣ್ತದೆ, ಬಾಯಿ ಒಣಗಿದೆಯಾ, ಹೆದರಿದೆಯಾ ಎಲ್ಲ ಆಗಲೇ ಗೊತ್ತಾಗ್ತದೆ. ಹೊಗೆ ಇಲ್ಲ, ಓಲಾಟ ಇಲ್ಲ. ಕಣ್ಣಿಗೆ ಡಾಗಲ್ಸ್ ಕನ್ನಡಕ, ಕಿವಿಗೆ ಮಟ್ ಮಫ್ಸ್, ಮೈಗೆ ಹಾರ್ನೆಸ್. ಸಿಗ್ನಲ್ಲಲ್ಲಿ ನಿಂತರೆ ಜನ ನನ್ನನ್ನು ನೋಡುವುದೇ ಇಲ್ಲ, ಅವನನ್ನೇ ನೋಡುವುದು.

ಹಾಂ, ಸ್ಪೀಡ್ ಇಲ್ಲ, 65 ಮೈಲಿ ಮೇಲೆ ಓಡಿಸಿದರೆ ಗಾಡಿಗೇ ಹಿಂಸೆ. ಬ್ಲೂ ರಿಡ್ಜಲ್ಲಿ ಹೇಗೂ ಲಿಮಿಟ್ 45 ಅಲ್ವಾ, ಅಲ್ಲಿಗೆ ಅದೇ ಸರಿ.

ಟ್ರೇಲರ್_ತಾತ

ಸೈಡ್‌ಕಾರ್ ಒಳ್ಳೇದು, ಇಲ್ಲ ಅಂದೋರು ಯಾರು. ಆದ್ರೆ ಅದು ಬೈಕೇ ಅಲ್ಲ ತಮ್ಮಾ, ವಾಲ್ಸೋಕೆ ಆಗಲ್ಲ, ಬಲಕ್ಕೆ ತಿರುಗ್ಸೋದು ಒಂದು ತರ ಎಡಕ್ಕೆ ಇನ್ನೊಂದು ತರ, ಬಲ ತಿರುವಲ್ಲಿ ಸ್ಪೀಡ್ ಜಾಸ್ತಿ ಆದ್ರೆ ಡಬ್ಬ ಮೇಲೆದ್ದು ಬರತ್ತೆ, ಮೊದಲಿಂದ ಕಲೀಬೇಕು. ವರ್ಷಗಟ್ಲೆ ಎರಡು ಚಕ್ರದ ಮೇಲೆ ಅಭ್ಯಾಸ ಆಗಿರೋನಿಗೆ ಕೈ ಮೊದಲು ತಪ್ಪು ಕಡೆಗೇ ಹೋಗತ್ತೆ. ಈ ಹುಡುಗನ ಹತ್ರ ಗೋಲ್ಡ್ ವಿಂಗ್ ಇದೆ, ಅದನ್ನ ಮಾರಿ ಉರಲ್ ತಗೋ ಅಂದ್ರೆ ಅವನ ಹೆಂಡ್ತಿ ಕಾರಿನ ಐಡಿಯಾನೇ ಗೆಲ್ಲತ್ತೆ.

ಹಾಂ ಓಡ್ಸೋದ್ರ ಬಗ್ಗೆ ಹೇಳೋದು ಬಿಟ್ಟೋಗಿತ್ತು. ಬೈಕಲ್ಲಿ ನೀನು ಗುಂಡೀನ ಒಂದು ಗೆರೇಲಿ ತಪ್ಪಿಸ್ತೀಯ, ಟ್ರೇಲರ್ ಕಟ್ಟಿದ್ಮೇಲೆ ನಿನಗೆ ಮೂರು ಗೆರೆ. ಎರಡು ಚಕ್ರದ ಮಧ್ಯೆ ನೀನು ಹೋಗ್ತಿರ್ತೀಯ, ನೀನು ಗುಂಡಿ ಪಕ್ಕ ಸರಿದ್ರೆ ಟ್ರೇಲರಿನ ಒಂದು ಚಕ್ರ ನೇರ ಅದಕ್ಕೇ ಇಳಿಯತ್ತೆ. ತಿರುವಲ್ಲಿ ಅದು ನಿನಗಿಂತ ಒಳಗೆ ಕತ್ತರಿಸ್ಕೊಂಡು ಬರತ್ತೆ, ಪೆಟ್ರೋಲ್ ಬಂಕಿನ ಕಟ್ಟೆಗೆ ತಾಗ್ಸೋರು ಎಲ್ಲ ಹೊಸಬರೇ. ಪಾರ್ಕಿಂಗಲ್ಲಿ ಆ ಕಡೆಯಿಂದ ಆಚೆ ಹೋಗೋ ದಾರಿ ಇರೋ ಜಾಗ ಹುಡ್ಕು, ನಿನ್ ಡಿಸಿಟಿಲಿ ವಾಕಿಂಗ್ ಮೋಡ್ ರಿವರ್ಸ್ ಇದೆ ನಿಜ, ಆದ್ರೆ ಟ್ರೇಲರ್ ಸಮೇತ ಹಿಂದಕ್ಕೆ ಹೋದ್ರೆ ಕಣ್ಮುಚ್ಚಿ ಬಿಡೋದ್ರೊಳಗೆ ಮಡಚ್ಕೊಳತ್ತೆ.

ಟ್ರೇಲರಿಗೆ ಬ್ರೇಕ್ ಇಲ್ಲ. ಅಷ್ಟೂ ಭಾರ ನಿನ್ನ ಬ್ರೇಕಿಗೇ ಬೀಳೋದು, ಮುಂದಿನ ಗಾಡಿಗೆ ಬಿಡೋ ಜಾಗ ಡಬಲ್ ಮಾಡು. ಇಳಿಜಾರಲ್ಲಿ ಗೇರ್ ಇಳ್ಸಿ ಇಂಜಿನ್ನಿಂದ ತಡೀ, ತಿರುವಿನ ಮಧ್ಯೆ ಬ್ರೇಕ್ ಹಿಡೀಬೇಡ, ತಿರುವಿಗೆ ಮುಂಚೇನೇ ಮುಗಿಸ್ಕೋ. ಓಲಾಡೋಕೆ ಶುರು ಆದ್ರೆ ಬ್ರೇಕ್ ಹಿಂಡೋದೂ ಬೇಡ, ಆಕ್ಸಿಲರೇಟರ್ ಕೊಡೋದೂ ಬೇಡ, ಹ್ಯಾಂಡಲ್ ನೇರ ಹಿಡ್ಕೊಂಡು ಥ್ರಾಟಲ್ ನಿಧಾನ ಬಿಡು, ತಾನೇ ಅಡಗತ್ತೆ. ಅಡಗಿದ ಮೇಲೆ ನಿಲ್ಸಿ ಯಾಕಾಯ್ತು ಅಂತ ನೋಡದೆ ಮುಂದಕ್ಕೆ ಹೋಗ್ಬೇಡ. ಬೈಕಿಗೂ ಹಿಂದಿನ ಸಸ್ಪೆನ್ಷನ್ ಪ್ರೀಲೋಡ್, ಅಂದ್ರೆ ಸ್ಪ್ರಿಂಗಿನ ಬಿಗಿ, ಜಾಸ್ತಿ ಮಾಡ್ಬೇಕು. ಟ್ರೇಲರ್ ಲೈಟಿನ ವೈರು ನೇರವಾಗಿ ಬೈಕಿಗೆ ಸೇರಿಸ್ಬೇಡ, ಮಧ್ಯೆ ಐಸೊಲೇಟರ್ ಹಾಕ್ಸು, ಬಲ್ಬ್ ಎಲ್ಲ ಎಲ್‌ಇಡಿ ಮಾಡ್ಸು.

ಸ್ಪೀಡು ನನ್ ಪ್ರಕಾರ 60 ಸಾಕು. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯೋ ಗಾಡಿಗೆ ಕಾನೂನೇ 55. ನಿನಗೆ ಐ-40 ಹೈವೇ ಮೇಲೆ 70 ಅಂತ ಬೋರ್ಡ್ ಇರತ್ತೆ, ಬಲಗಡೆ ಲೇನಲ್ಲಿ ಇರು, ಹಾರ್ನ್ ಹೊಡೆಯೋರು ಹೊಡ್ಕೊಳ್ಳಿ.

ಹುಬ್ಬಳ್ಳಿ_ಹುಲಿ

ನಮಸ್ಕಾರ್ರೀ ಎಲ್ಲಾರಿಗೂ. ಇದನ್ನೆಲ್ಲಾ ಓದಿ ನನಗೂ ಆಸೆ ಹುಟ್ಟೇತಿ. ನನ್ನ ಕಡೆ ಹಿಮಾಲಯನ್ ಬೈಕ್ ಐತಿ, ಮನ್ಯಾಗ ಮುಧೋಳ ನಾಯಿ ಐತಿ. ಹುಬ್ಬಳ್ಳಿಯಿಂದ ದಾಂಡೇಲಿಗೆ ಹಿಂಗ ಟ್ರೇಲರ್ ಕಟ್ಟಿ ಕರ್ಕೊಂಡ್ ಹೋಗಾಕ ಬರ್ತೇತೇನ್ರೀ? ಸೈಕಲ್ಲಿಗೆ ಕಟ್ಟೋ ನಾಯಿ ಟ್ರೇಲರ್ ಆನ್‌ಲೈನ್ ಸಿಗಾಕತ್ತಾವು, ಅದನ್ನ ಬೈಕಿಗೆ ಕಟ್ಟಿದ್ರ ನಡೀತೇತೇನು?

ಆರ್‌ಟಿಓ_ಪುರಾಣ

ಹುಲಿ ಸಾಹೇಬ್ರೇ, ಸೈಕಲ್ ಟ್ರೇಲರ್ ಬೈಕಿಗೆ ಕಟ್ಟೋ ಯೋಚನೆ ಇವತ್ತೇ ಬಿಟ್ಬಿಡಿ. ಅದು ಕಾಲಲ್ಲಿ ತುಳಿಯೋ ಸ್ಪೀಡಿಗೆ ಮಾಡಿರೋದು, ಬಟ್ಟೆ, ತೆಳು ಪೈಪು, ಪುಟ್ಟ ಚಕ್ರ. 40ರಲ್ಲಿ ಒಂದು ಹಂಪ್ ಬಂದ್ರೆ ಮುಗೀತು, ಮತ್ತೆ ನಮ್ಮ ರಾಜ್ಯದಲ್ಲಿ ಹಂಪ್ ಬರಲ್ಲ ಅಂತ ಯಾವ ರಸ್ತೇಲಿ ಧೈರ್ಯವಾಗಿ ಹೇಳ್ತೀರಿ, ಎಷ್ಟೋ ಕಡೆ ಬಣ್ಣಾನೂ ಹೊಡೆದಿರಲ್ಲ.

ಕಾನೂನಿನ ವಿಷಯ, 1988ರ ಮೋಟಾರು ವಾಹನ ಕಾಯ್ದೆ ಸೆಕ್ಷನ್ 2(27)ರಲ್ಲಿ ಮೋಟಾರ್ ಸೈಕಲ್ ಅನ್ನೋದ್ರ ವಿವರಣೇಲೇ ಬಿಚ್ಚಿ ಹಾಕೋ ಸೈಡ್‌ಕಾರ್ ಸೇರಿದೆ. ಆದ್ರೆ ಗಾಡಿನ ಬದಲಾಯಿಸೋದಕ್ಕೆ ಸೆಕ್ಷನ್ 52 ಇದೆ, ಆರ್‌ಟಿಓ ಗಮನಕ್ಕೆ ತರದೆ ಗ್ಯಾರೇಜಲ್ಲಿ ಹಿಚ್ ಬೆಸುಗೆ ಹಾಕ್ಸಿದ್ರೆ ಕ್ಲೇಮ್ ಹೊತ್ತಲ್ಲಿ ಇನ್ಶೂರೆನ್ಸಿನೋರು ಮೊದಲು ನೋಡೋದು ಅದನ್ನೇ. ಇನ್ನೊಂದು, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಸೆಕ್ಷನ್ 11ರಲ್ಲಿ ಪ್ರಾಣಿಗೆ ಅನಾವಶ್ಯಕ ನೋವಾಗೋ ಹಾಗೆ ವಾಹನದಲ್ಲಿ ಸಾಗಿಸೋದೂ ಅಪರಾಧವೇ. ಅದು ಲಾರಿಗಷ್ಟೇ ಅಲ್ಲ.

ನಿಮ್ದು ಮುಧೋಳ ಅಂದ್ರಿ. ಅದು ಕಣ್ಣಿಗೆ ಕಂಡಿದ್ದನ್ನ ಅಟ್ಟಿಸ್ಕೊಂಡು ಹೋಗೋ ಬೇಟೆ ತಳಿ, ದಾಂಡೇಲಿ ರಸ್ತೇಲಿ ಒಂದು ಮಂಗ ಹಾರಿದ್ರೆ ಸಾಕು, ಮೆಶ್ ಹರ್ಕೊಂಡು ಹೋಗತ್ತೆ. ಅಷ್ಟು ದೂರಕ್ಕೆ ಕಾರು ಬಾಡಿಗೆ ತಗೊಳಿ ಸಾರ್. ದೂರದ ಊರಿಗಾದ್ರೆ ರೈಲಲ್ಲಿ ಫಸ್ಟ್ ಎಸಿ ಕೂಪೆ ಸಿಕ್ರೆ ನಾಯಿ ಜೊತೇಲೇ ಹೋಗ್ಬೋದು, ರೈಲ್ವೇಲಿ ಅದಕ್ಕೆ ಅವಕಾಶ ಇದೆ.

ಹುಬ್ಬಳ್ಳಿ_ಹುಲಿ

ಆತ್ರೀ, ಬಿಟ್ಟೆ. ಬಾಡಿಗಿ ಕಾರಿನ್ಯಾವ ನಾಯಿ ಕೂದಲಾ ನೋಡಿ ಬಯ್ತಾನ, ಅದೊಂದ ಚಿಂತಿ.

ಕ್ಯಾರಿ_ಬೈಕರ್

ತಾತ, ಡಾಕ್ಟ್ರೇ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಟಂಗ್ ವೇಯ್ಟ್ ಲೆಕ್ಕ ಓದಿ ನನ್ ಹೆಂಡ್ತಿಗೂ ತೋರ್ಸಿದೆ, ಅವಳು ಇಂಜಿನಿಯರು, ಪೇಪರ್ ಮೇಲೆ ಹಾಕಿ ನೋಡಿ ‘ಇವ್ರು ಹೇಳೋದು ಸರಿ, ಆ ನಾಲ್ಕಡಿ ಡಬ್ಬ ಬೇಡ’ ಅಂದ್ಲು. ಮಾರೋರಿಗೆ ಫೋನ್ ಮಾಡಿ ಕೇಳ್ದೆ, ಅಡ್ಡ ಹಲಗೆ ಹಾಕೋಕೆ ಜಾಗ ಇದೆ, ತಳ ಪ್ಲೈವುಡ್ಡೇ, ಸ್ವಿವೆಲ್ ಇದೆ, ಸಸ್ಪೆನ್ಷನ್ ಟಾರ್ಷನ್ ಆಕ್ಸಲ್ ಅಂತೆ. 12 ಇಂಚಿನ ಚಕ್ರ ಕೂರತ್ತಾ ಅಂತ ಫೆಂಡರ್ ಅಳತೆ ತಗೊಂಡು ಬರ್ತೀನಿ.

ಇನ್ನೆರಡು ಡೌಟು. ಒಳಗೆ ಅವನನ್ನ ಕಟ್ಬೇಕಾ ಬಿಡ್ಬೇಕಾ? ಕೆಲವ್ರು ಕಟ್ಟಿದ್ರೆ ಸುತ್ತಾಕ್ಕೊಳತ್ತೆ ಅಂತಾರೆ. ಮತ್ತೆ ಅಭ್ಯಾಸ ಹೆಂಗೆ ಮಾಡ್ಸೋದು, ಕಾರಲ್ಲಿ ಕಿಟಕಿ ಹತ್ರ ಕೂತು ಬಂದಿರೋ ನಾಯಿ ಅದು.

ಡಾಕ್ಟ್ರಮ್ಮ_ಓಹಾಯೋ

ಕಟ್ಟಿ, ಆದ್ರೆ ಕಾಲರ್‌ಗೆ ಖಂಡಿತ ಬೇಡ. ಟ್ರೇಲರ್ ಪಲ್ಟಿ ಹೊಡೆದ್ರೆ ಅದೇ ನೇಣಾಗತ್ತೆ. ಎದೆ ಅಗಲಕ್ಕೆ ಬರೋ ಹಾರ್ನೆಸ್, ಬೆನ್ನ ಮೇಲಿನ ಬಳೆಗೆ ಗಿಡ್ಡ ಬೆಲ್ಟು, ತಳದ ಗಟ್ಟಿ ಕೊಕ್ಕೆಗೆ. ಮಲಗೋಕೆ ತಿರುಗೋಕೆ ಆಗ್ಬೇಕು, ಬಾಗ್ಲ ಹತ್ರಕ್ಕೆ ಮೂತಿ ಎಟುಕ್ಬಾರ್ದು. ಅಷ್ಟು ಗಿಡ್ಡ ಇದ್ರೆ ಸುತ್ತಾಕ್ಕೊಳೋ ಪ್ರಶ್ನೆ ಬರಲ್ಲ. ಇದು ಬರೀ ಆಕ್ಸಿಡೆಂಟಿಗಲ್ಲ, ಹೈವೇ ಪಕ್ಕ ನಿಲ್ಸಿ ಬಾಗ್ಲು ತೆಗೆದ ತಕ್ಷಣ ಹೊರಗೆ ಜಿಗಿದು ಗಾಡಿಗಳ ಮಧ್ಯೆ ಓಡೋ ಅಪಾಯ ಎಲ್ಲಕ್ಕಿಂತ ಜಾಸ್ತಿ. ಮೊದ್ಲು ಕೈಯಲ್ಲಿರೋ ಲೀಶ್ ಹಾಕಿ, ಆಮೇಲೆ ಒಳಗಿನ ಬೆಲ್ಟ್ ಬಿಚ್ಚಿ, ಈ ಕ್ರಮ ಯಾವತ್ತೂ ತಿರುಗ್ಬಾರ್ದು. ಹಾರ್ನೆಸ್‌ಗಳ ಕ್ರ್ಯಾಶ್ ಟೆಸ್ಟ್ ಮಾಡೋ ಸೆಂಟರ್ ಫಾರ್ ಪೆಟ್ ಸೇಫ್ಟಿ ಅಂತ ಇದೆ, ಅವ್ರ ಪಟ್ಟಿ ನೋಡಿ ತಗೊಳಿ. ಆ ಟೆಸ್ಟು ಕಾರಿನ ಲೆಕ್ಕಕ್ಕೆ ಮಾಡಿರೋದು ಅನ್ನೋದು ನೆನಪಿರ್ಲಿ.

ಅಭ್ಯಾಸಕ್ಕೆ ಈಗ್ಲಿಂದಾನೇ ಶುರು ಮಾಡಿ, ಹೊರಡೋ ವಾರ ಅಲ್ಲ. ಟ್ರೇಲರ್ ಗ್ಯಾರೇಜಲ್ಲಿ ಬಾಗ್ಲು ತೆಗೆದು ಇಡಿ, ಊಟದ ತಟ್ಟೆ ಅದರೊಳಗೇ. ತಾನಾಗೇ ಹೋಗಿ ಮಲಗೋ ತನಕ ಬಾಗ್ಲು ಹಾಕ್ಬೇಡಿ. ಆಮೇಲೆ ಬಾಗ್ಲು ಹಾಕಿ ಪಕ್ಕದಲ್ಲಿ ಕೂತ್ಕೊಳಿ, ಆಮೇಲೆ ಕೈಯಿಂದ ಡ್ರೈವ್‌ವೇ ಮೇಲೆ ಎಳೆದಾಡಿ. ಇಂಜಿನ್ ಶುರು ಮಾಡೋದನ್ನ ಮನೆ ಹೊರಗೆ ದೂರದಿಂದ ಕೇಳ್ಸಿ ಅಭ್ಯಾಸ ಮಾಡ್ಸಿ, ಗ್ಯಾರೇಜ್ ಒಳಗೆ ಬೇಡ, ಹೊಗೆ. ಆಮೇಲೆ ಗಲ್ಲಿ ಸುತ್ತು, ಆಮೇಲೆ ಜೋರ್ಡನ್ ಲೇಕ್ ತನಕ, ಅಲ್ಲಿ ಇಳಿಸಿ ವಾಕಿಂಗು, ಅಂದ್ರೆ ಡಬ್ಬ ಹತ್ತಿದ್ರೆ ಏನೋ ಒಳ್ಳೇದು ಆಗತ್ತೆ ಅಂತ ಅವನಿಗೆ ಗೊತ್ತಾಗ್ಬೇಕು. ಒಳಗೊಂದು ಸಣ್ಣ ಕ್ಯಾಮೆರಾ ಇಟ್ಟು ರೆಕಾರ್ಡ್ ಮಾಡಿ ಮನೇಗ್ ಬಂದು ನೋಡಿ. ಮಲಗಿದ್ದಾನಾ, ಕೂತು ಕಿಟಕೀಲಿ ನೋಡ್ತಿದ್ದಾನಾ, ಸರಿ. ಗೋಡೆ ಕೆರೀತಿದ್ರೆ, ನಿಲ್ಲದೆ ನಡುಗ್ತಿದ್ರೆ, ಜೊಲ್ಲು ಸುರಿದು ಹಾಸಿಗೆ ಒದ್ದೆ ಆಗಿದ್ರೆ, ಇನ್ನೂ ನಿಧಾನಕ್ಕೆ ಒಂದ್ಸಲ ಪ್ರಯತ್ನ ಮಾಡಿ, ಆಗ್ಲೂ ಹಂಗೇ ಇದ್ರೆ ಅವನಿಗೆ ಇದು ಬೇಡ. ಒತ್ತಾಯ ಮಾಡ್ಬೇಡಿ. ಆಗ ನಿಮ್ಮ ಮನೆಯವರ ಕಾರೇ ಗತಿ.

ಗಂಟೆಗೊಂದ್ಸಲ ನಿಲ್ಸಿ. ಪಾರ್ಕ್‌ವೇ ಮೇಲೆ ನೋಟಕ್ಕೆ ನಿಲ್ಸೋ ಜಾಗ ಬೇಕಾದಷ್ಟಿವೆ.

ಟ್ರೇಲರ್_ತಾತ

ದಾರಿ ಬಗ್ಗೆ ಒಂದೆರಡು ಮಾತು ಹೇಳಿ ನಾನು ಮಲಗ್ತೀನಿ. ಪಾರ್ಕ್‌ವೇ 469 ಮೈಲಿ, ಮೇಲೆ ಎಲ್ಲೂ ಪೆಟ್ರೋಲ್ ಇಲ್ಲ, ಕೆಳಗಿಳಿದು ಊರಿಗೆ ಹೋಗ್ಬೇಕು, ಟ್ರೇಲರ್ ಎಳೆದ್ರೆ ಮೈಲೇಜ್ ಹೊಡ್ತ ತಿನ್ನತ್ತೆ ಅಂತ ಲೆಕ್ಕ ಇಟ್ಕೋ. 26 ಸುರಂಗ ಇದೆ, ಒಂದು ಬಿಟ್ಟು ಎಲ್ಲಾ ನಿಮ್ಮ ನಾರ್ತ್ ಕ್ಯಾರೊಲೈನಾ ಕಡೆನೇ, ಒಳಗೆ ಮುಂದಿನ ಗಾಡಿಗಳ ಹೊಗೆ ಇರತ್ತೆ, ನಿಲ್ಲೋ ಸಾಲು ಕಂಡ್ರೆ ಸುರಂಗದ ಹೊರಗೇ ಕಾಯಿ. ರಿಚ್‌ಲ್ಯಾಂಡ್ ಬಾಲ್ಸಂ ಹತ್ರ 6053 ಅಡಿ, ಕೆಳಗೆ ಟೀಶರ್ಟ್ ಹಾಕೋ ದಿನ ಅಲ್ಲಿ ಚಳಿ ಕೊರೀತಿರತ್ತೆ, ಡಾಕ್ಟ್ರಮ್ಮ ಹೇಳಿದ ಥರ್ಮಾಮೀಟರ್ ಸೆಕೆಗಷ್ಟೇ ಅಲ್ಲ ಆ ಚಳಿಗೂ ಬೇಕು. 2024ರ ಸೆಪ್ಟೆಂಬರಲ್ಲಿ ಹೆಲೀನ್ ಚಂಡಮಾರುತ ನಿಮ್ಮ ಕಡೆ ಪಾರ್ಕ್‌ವೇನ ಬಹಳ ಹಾಳು ಮಾಡಿತ್ತಲ್ಲ, ಹೊರಡೋ ದಿನ ಬೆಳಿಗ್ಗೆ ನ್ಯಾಷನಲ್ ಪಾರ್ಕ್‌ನವ್ರ ರೋಡ್ ಸ್ಟೇಟಸ್ ನೋಡಿಯೇ ಹೊರಡು, ಡಿಟೂರ್ ಅಂತ ಕಿರಿದಾದ ಬೆಟ್ಟದ ರಸ್ತೇಲಿ ಟ್ರೇಲರ್ ತಿರುಗ್ಸೋದು ಬೇಡ.

ನಾಯಿಗೆ ಪಾರ್ಕ್‌ವೇಲಿ ಆರಡಿ ಲೀಶ್ ಮೇಲೆ ಓಡಾಡೋಕೆ ಬಿಡ್ತಾರೆ. ಅದು ಮುಗಿಯೋ ಚೆರೋಕಿ ಹತ್ರ ಗ್ರೇಟ್ ಸ್ಮೋಕಿ ಪಾರ್ಕ್ ಶುರು ಆಗತ್ತೆ, ಅಲ್ಲಿ ಹಂಗಿಲ್ಲ, ನಾಯಿಗೆ ಗ್ಯಾಟ್ಲಿನ್‌ಬರ್ಗ್ ಟ್ರೇಲ್ ಮತ್ತೆ ಒಕೊನಲಫ್ಟೀ ನದಿ ಟ್ರೇಲ್ ಎರಡರಲ್ಲೇ ಪ್ರವೇಶ. ಉತ್ತರಕ್ಕೆ ಶೆನಾಂಡೊವಾ ಕಡೆ ಹೋದ್ರೆ ಬಹಳಷ್ಟು ಟ್ರೇಲಲ್ಲಿ ಬಿಡ್ತಾರೆ, ನಾಯಿ ಜೊತೆ ಹೋಗೋನು ಆ ಕಡೆ ಹೋಗೋದೇ ಬುದ್ಧಿವಂತಿಕೆ. ಹತ್ರದಲ್ಲೇ ಟೈಲ್ ಆಫ್ ದಿ ಡ್ರ್ಯಾಗನ್ ಇದೆ ಅಂತ ಯಾರಾದ್ರೂ ಕರೀತಾರೆ, 11 ಮೈಲೀಲಿ 318 ತಿರುವು. ಅಲ್ಲಿಗೆ ಟ್ರೇಲರ್ ಬಿಚ್ಚಿಟ್ಟು ಒಬ್ನೇ ಹೋಗು, ಬೋಂಡನ್ನ ನೋಡ್ಕೊಳೋಕೆ ಯಾರಾದ್ರೂ ಇದ್ರೆ ಮಾತ್ರ.

ಟ್ರೇಲರ್ ಹಿಂದೆ ದೊಡ್ಡ ಅಕ್ಷರದಲ್ಲಿ ಒಳಗೆ ನಾಯಿ ಇದೆ ಅಂತ ಇಂಗ್ಲಿಷಲ್ಲಿ ಸ್ಟಿಕ್ಕರ್ ಹಾಕು, ರಾತ್ರಿ ಹೊಳೆಯೋದು. ನಿನ್ ಪರ್ಸಲ್ಲೂ ಒಂದು ಚೀಟಿ, ನನಗೆ ಏನಾದ್ರೂ ಆದ್ರೆ ಹಿಂದಿನ ಡಬ್ಬದಲ್ಲಿ ನಾಯಿ ಇದೆ, ಇಂಥವ್ರಿಗೆ ಫೋನ್ ಮಾಡಿ ಅಂತ. ಆಂಬುಲೆನ್ಸಿನೋರು ನಿನ್ನ ಎತ್ಕೊಂಡು ಹೋಗ್ತಾರೆ, ಗಾಡಿ ಟೋಯಿಂಗಿನೋರ ಅಂಗಳಕ್ಕೆ ಹೋಗತ್ತೆ, ಡಬ್ಬ ತೆಗೆದು ನೋಡ್ಬೇಕು ಅಂತ ಅವ್ರಿಗೆ ಹೆಂಗ್ ಗೊತ್ತಾಗ್ಬೇಕು.

ಕ್ಯಾರಿ_ಬೈಕರ್

ಚೀಟಿ ವಿಷಯ ಹೊಳೆದೇ ಇರ್ಲಿಲ್ಲ ತಾತ. ಶನಿವಾರ ಟೇಪು, ತೂಕದ ಮೆಷಿನ್ನು, ಬೋಂಡ ಮೂರನ್ನೂ ತಗೊಂಡು ಟ್ರೇಲರ್ ನೋಡೋಕೆ ಹೋಗ್ತಿದೀನಿ. ಹಿಂದೆ ನಿಂತಾಗ, ಮುಂದೆ ನಿಂತಾಗ ಎರಡೂ ತೂಕ ಇಲ್ಲೇ ಹಾಕ್ತೀನಿ, 24 ಪೌಂಡಿಗಿಂತ ಕೆಳಗೆ ಬಂದ್ರೆ ಹಲಗೆ ಎಲ್ಲಿಗೆ ಸರಿಸ್ಬೇಕು ಅಂತ ಹೇಳಿ.

ಟ್ರೇಲರ್_ತಾತ

ಹಾಕು. ಆಕ್ಸಲ್ಲಿಂದ ಹಿಚ್‌ಗೆ ನಿಜವಾದ ದೂರಾನೂ ಅಳೆದು ಹಾಕು, 60 ಇಂಚು ಅಂದಿದ್ದು ನನ್ನ ಅಂದಾಜು.